ಅನ್ನವ್ವ ಮುಖ ತಿರುಗಿಸಿರಲಿಲ್ಲ

ನನ್ನ ನೆಗೆಣ್ಣಿ ಅನ್ನವ್ವನಿಗೆ ಹುಟ್ಟಿದಾಗಿನಿಂದ ಕಿವಿ ಕೇಳುವುದಿಲ್ಲ, ಹಾಗಾಗಿ ಮಾತೂ ಬರಲಿಲ್ಲ. ಊರವರು ಅವಳ ಬಗ್ಗೆ ಹೇಳುವಾಗ ಇವೆರಡನ್ನೇ ಹೇಳಿ ಮುಗಿಸುತ್ತಾರೆ. ನಾನು ಇವನ್ನು ಮೊದಲೇ ಹೇಳಿ ಮುಂದಕ್ಕೆ ಹೋಗುತ್ತೇನೆ. ಅವಳು ನನ್ನ ಮೈದುನ ಶಂಕ್ರಪ್ಪನ ಹೆಂಡತಿಯಾಗಿ ನಮ್ಮ ಹಾನಗಲ್ಲಿನ ಮನೆಗೆ ಬಂದಾಗ ನಾನಾಗಲೇ ಮಕ್ಕಳೊಂದಿಗಳು. ಬಂದ ಮಾರನೆಯ ಬೆಳಿಗ್ಗೆ ನನ್ನ ಕೈಯಿಂದ ಹಿಟ್ಟಿನ ಪರಾತ ಎಳೆದುಕೊಂಡು ರೊಟ್ಟಿ ಬಡಿಯಲು ಕುಳಿತಳು. ಇವತ್ತಿಗೂ ಎದ್ದಿಲ್ಲ ಅನ್ನಬೇಕು.

ಅವಳ ತವರು ಸವಣೂರು. ಅಪ್ಪನದು ವೀಳ್ಯದೆಲೆಯ ತೋಟ. ಎಲೆ ಕೊಳ್ಳುವ ವ್ಯಾಪಾರಿಯ ಮಗಳು ನುಜಹತ, ಅದೇ ಓಣಿಯವಳು. ಅವಳಿಗೂ ಕಿವಿ ಇಲ್ಲ. ಇಬ್ಬರನ್ನೂ ಯಾರೂ ಶಾಲೆಗೆ ಹಾಕಲಿಲ್ಲ. ವ್ಯಾಪಾರಿಯ ಹಿತ್ತಲಿನ ಚಪ್ಪರದಲ್ಲಿ ಎಲೆ ಜೋಡಿಸಲು ಎದುರುಬದುರು ಕೂಡಿಸಿದರು. ಕೊಳೆತದ್ದು ತೆಗೆಯಬೇಕು, ಸಣ್ಣದು ದೊಡ್ಡದು ಬೇರೆ ಮಾಡಬೇಕು, ತೊಟ್ಟು ಒಂದೇ ಕಡೆ ಬರುವಂತೆ ಸುತ್ತಿ ಕಟ್ಟಬೇಕು. ಎಲೆ ಬಾಡುವ ಮೊದಲು ಕಟ್ಟು ಗಾಡಿಗೆ ಹೋಗಬೇಕು, ಕೈ ನಿಲ್ಲಿಸುವಂತಿಲ್ಲ. ಹೀಗಾಗಿ ಆ ಹುಡುಗಿಯರ ಮಾತು ಕೈಯಲ್ಲಿ ಬೆಳೆಯಲಿಲ್ಲ, ಮುಖದಲ್ಲಿ ಬೆಳೆಯಿತು. ಹುಬ್ಬು, ಗದ್ದ, ತುಟಿಯ ಅಂಚು, ಸ್ವಲ್ಪ ಹೆಗಲು. ಬೇರೆ ಮೂಕರು ಕೈ ಆಡಿಸುವುದನ್ನು ನೋಡಿದ್ದೇನೆ. ಇವರ ಮಾತು ಹಾಗಲ್ಲ. ಕೈ ತನ್ನ ಕೆಲಸ ತಾನು ಮಾಡುತ್ತಿರುತ್ತದೆ, ಮುಖ ಊರಿನ ಸುದ್ದಿಯನ್ನೆಲ್ಲ ಹೇಳುತ್ತಿರುತ್ತದೆ. ಆ ಮಾತು ಪೂರ್ತಿ ಬಲ್ಲವರು ಇವರಿಬ್ಬರೇ. ನನಗೆ ಮನೆವಾರ್ತೆಗೆ ಬೇಕಾಗುವಷ್ಟು ಬರುತ್ತದೆ, ಶಂಕ್ರಪ್ಪನಿಗೆ ನನಗಿಂತ ತುಸು ಹೆಚ್ಚು.

ಅವರ ಜಗಳಕ್ಕೂ ಒಂದು ರೀತಿ ಇತ್ತು. ಸಿಟ್ಟು ಬಂದವಳು ಮುಖ ಆ ಕಡೆ ತಿರುಗಿಸಿಬಿಡುತ್ತಿದ್ದಳು. ತಿರುಗಿಸಿದವಳೇ ಬಂದು ತಪ್ಪು ಒಪ್ಪಬೇಕು, ಅಲ್ಲಿಯವರೆಗೆ ಮಾತಿಲ್ಲ. ಅವರಿಗೆ ಅದಕ್ಕಿಂತ ದೊಡ್ಡ ಬೈಗುಳವೇ ಇರಲಿಲ್ಲ.

ಮದುವೆಯಾಗಿ ಒಬ್ಬಳು ಹಾನಗಲ್ಲಿಗೆ ಬಂದಳು, ಒಬ್ಬಳು ಮಾಸೂರಿಗೆ ಹೋದಳು. ತವರಿಗೆ ಹೋದಾಗ ಇವಳು ಸಿಕ್ಕರೆ ಅವಳಿಲ್ಲ, ಅವಳು ಬಂದರೆ ಇವಳಿಲ್ಲ. ಒಮ್ಮೊಮ್ಮೆ ಹುಲಗೂರಿನ ದರ್ಗಾದಲ್ಲಿ ಭೆಟ್ಟಿಯಾಗುತ್ತಿದ್ದರು, ಅಷ್ಟೆ. ಆ ಕಾಲಕ್ಕೆ ನಮ್ಮ ಓಣಿಗೆಲ್ಲ ನಮ್ಮ ಮನೆಯದೊಂದೇ ಫೋನು, ಕರಿಯದು, ಬೆರಳಿಟ್ಟು ತಿರುಗಿಸುವುದು. ಯಾರದೋ ಮಗಳ ಫೋನು ಬಂದರೆ ನಾನು ಓಡಿಹೋಗಿ ಕರೆದು ತರುತ್ತಿದ್ದೆ. ಓಣಿಯ ಹೆಂಗಸರೆಲ್ಲ ನಮ್ಮ ಪಡಸಾಲೆಯಲ್ಲಿ ನಿಂತು ಅದರೊಳಗೆ ಅತ್ತಿದ್ದಾರೆ, ನಕ್ಕಿದ್ದಾರೆ, ಅತ್ತೆಯ ಮೇಲೆ ಚಾಡಿ ಹೇಳಿದ್ದಾರೆ. ಅನ್ನವ್ವ ದಿನವೂ ಅದರ ಧೂಳು ಒರೆಸುತ್ತಿದ್ದಳು. ಒರೆಸುವಾಗ ಅವಳ ಮುಖ ನೋಡಲು ನನಗೆ ಆಗುತ್ತಿರಲಿಲ್ಲ. ಊರಿಗೆಲ್ಲ ಮಾತಾಡುವ ಆ ವಸ್ತು ಅವಳಿಗೆ ಬರೀ ಕಲ್ಲು.

ಮುಖ ಕಾಣುವ ಫೋನು ಬಂದದ್ದು ಈಗೀಗ. ಅನ್ನವ್ವನ ಮಗ ಸುದೀಪ ತನ್ನ ಹಳೆಯ ಫೋನನ್ನು, ಸಿಮ್ ತೆಗೆದು, ಅವ್ವನಿಗೆ ಕೊಟ್ಟ. ಆ ಕಡೆ ಮಾಸೂರಿನಲ್ಲಿ ನುಜಹತಳ ಸೊಸೆ ರೆಹಾನ ತನ್ನ ಫೋನು ಹಚ್ಚಿ ಕೊಟ್ಟಳು. ಅವತ್ತಿನಿಂದ ಬೆಳಗಿನ ಅಡುಗೆಯ ಹೊತ್ತಿಗೆ ಅನ್ನವ್ವ ಒಂದು ಹಿತ್ತಾಳೆ ಚರಿಗೆಗೆ ಫೋನು ಆನಿಸಿ ಇಟ್ಟು ರೊಟ್ಟಿ ಬಡಿಯುತ್ತಾಳೆ, ಅಲ್ಲಿ ನುಜಹತ ಬಳ್ಳೊಳ್ಳಿ ಸುಲಿಯುತ್ತಾಳೆ. ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದೊಂದೇ. ಆದರೆ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದರೆ ಅಲ್ಲಿ ಎಷ್ಟು ಗದ್ದಲವಿದೆ ಎಂದು ತಿಳಿಯುತ್ತದೆ. ನನಗೆ ಆ ಎಲೆಯ ಚಪ್ಪರವೇ ನಮ್ಮ ಒಲೆಯ ಮುಂದೆ ಬಂದು ಕುಳಿತಂತೆ ಅನಿಸುತ್ತಿತ್ತು.

ತೊಂದರೆ ಇದ್ದದ್ದು ನಮ್ಮ ಮನೆಯಲ್ಲಿ. ಪಡಸಾಲೆ, ನಡುಮನೆ, ಹಿತ್ತಲ ಬಾಗಿಲು ಒಂದೇ ಸಾಲಿಗೆ ಇವೆ. ಅಡುಗೆಮನೆ ಮಗ್ಗುಲಿಗೆ, ದನದ ಕೊಟ್ಟಿಗೆ ಹಿಂದೆ. ಗೋಡೆಗಳು ಮಣ್ಣಿನವು, ಮೈಚಾಚಿ ಮಲಗುವಷ್ಟು ದಪ್ಪ. ಟವರಿನ ಸಿಗ್ನಲ್ಲು ಒಳಗೆ ಬರುವುದೇ ಇಲ್ಲ. ಕೇಬಲ್ಲಿನ ಕುಬೇರಪ್ಪ ಪಡಸಾಲೆಯಲ್ಲಿ ಒಂದು ವೈಫೈ ಬಾಕ್ಸು ಕೂಡಿಸಿದ್ದ. ಅಡುಗೆಮನೆಗೆ ಸಾಲದೆಂದು ಸುದೀಪ ಇನ್ನೊಂದು ತಂದು ಹಚ್ಚಿದ, ಅದಕ್ಕೆ ಬೇರೆ ಹೆಸರು ಕೊಟ್ಟ. ಅನ್ನವ್ವ ಅದನ್ನು ಹೊಗೆ ತಾಗದಿರಲೆಂದು ಹಲಗೆಯ ಮೇಲಿನ ತಾಮ್ರದ ಕೊಡಗಳ ಸಾಲಿನ ಹಿಂದೆ ಇಟ್ಟು, ಮೇಲೊಂದು ಅರಿವೆ ಹೊದಿಸಿದಳು. ಅವಳೋ ಒಂದು ಕಡೆ ಕೂಡುವವಳಲ್ಲ. ಚರಿಗೆ, ಫೋನು ಹಿಡಿದು ಅಡುಗೆಮನೆಯಿಂದ ನಡುಮನೆಗೆ, ಅಲ್ಲಿಂದ ಕೊಟ್ಟಿಗೆಗೆ. ಹೊಸ್ತಿಲು ದಾಟಿದಾಗೊಮ್ಮೆ ಚಿತ್ರ ನಿಲ್ಲುತ್ತಿತ್ತು.

ಒಂದು ಬೆಳಿಗ್ಗೆ ಅವಳು ನಡುಮನೆಯಲ್ಲಿ ಕುಳಿತು ಅವರೆ ಬಿಡಿಸುತ್ತಿದ್ದಳು. ನುಜಹತ ಏನೋ ಹೇಳಲು ಶುರುಮಾಡಿದ್ದಳು. ಒಲೆಯ ಮೇಲಿನ ಹಾಲು ಉಕ್ಕುವ ವಾಸನೆ ಬಂತು. ಅನ್ನವ್ವ ಆ ಕಡೆ ಹೊರಳಿ, ಚರಿಗೆ ಫೋನು ಎತ್ತಿಕೊಂಡು ಅಡುಗೆಮನೆಗೆ ಓಡಿದಳು. ಹಾಲು ಇಳಿಸಿ ನೋಡುವಷ್ಟರಲ್ಲಿ ಫೋನು ಕಪ್ಪಾಗಿತ್ತು. ಮತ್ತೆ ಹಚ್ಚಿದಳು, ಎತ್ತಲಿಲ್ಲ. ಮರುದಿನವೂ ಎತ್ತಲಿಲ್ಲ, ಆ ವಾರವೆಲ್ಲ ಎತ್ತಲಿಲ್ಲ. ಕಡೆಗೆ ರೆಹಾನ ನನ್ನ ಫೋನಿಗೆ ಮಾಡಿದಳು.

“ಅವ್ವಾರ, ನಮ್ಮತ್ತಿ ಫೋನಿನ ಕಡೆ ನೋಡಾಕೂ ತಯಾರಿಲ್ರಿ. ಸವಣೂರಾಗ ಅತ್ತಿಯ ಅಣ್ಣಾರು ಆ ಎಲಿ ಚಪ್ಪರ ಕೆಡವಿಸಿ ಜಾಗಾ ಮಾರಿದ್ರು. ಅವತ್ತ ಅದನ್ನ ಹೇಳ್ಕೊಂತ ಅಳಾಕತ್ತಿದ್ರು. ಅನ್ನವ್ವಾರು ನಡಕ ಮುಖಾ ಹೊಳ್ಳಿಸಿದ್ರು. ಹೊಳ್ಳಿಸಿದ ಮುಖಾ ಹಂಗ ನಿಂತ್ಬಿಡ್ತು ನೋಡ್ರಿ ಫೋನಿನಾಗ, ಭಾಳ ಹೊತ್ತು.”

“ಹಾಲ ಉಕ್ಕಿತ್ತವಾ.”

“ನನಗ ತಿಳೀತೈತ್ರಿ. ಅವರಿಗೆ ಹೆಂಗ ತಿಳಿಸ್ಲಿ?”

ನಾನು ಅನ್ನವ್ವನಿಗೆ ತಿಳಿಸಲು ನೋಡಿದೆ. ಚಪ್ಪರದ ವಿಷಯ ನನ್ನ ಹರಕು ಸನ್ನೆಗೂ ಸಿಗಲಿಲ್ಲ, ಶಂಕ್ರಪ್ಪನದಕ್ಕೂ ಸಿಗಲಿಲ್ಲ. ನುಜಹತ ಸಿಟ್ಟಾಗಿದ್ದಾಳೆ ಎಂಬುದಷ್ಟು ತಿಳಿಯಿತು. ಅವಳು ಅವತ್ತೇ ಸೀರೆ ಬದಲಿಸಿ, ಸುದೀಪನನ್ನು ಕರೆದುಕೊಂಡು ಹಿರೇಕೆರೂರು ಬಸ್ಸು ಹತ್ತಿ ಮಾಸೂರಿಗೆ ಹೋದಳು. ನುಜಹತ ಚಾಪೆ ಹಾಸಿದಳಂತೆ, ಹಾಲು, ಬಾಳೆಹಣ್ಣು ಇಟ್ಟಳಂತೆ, ಮುಖ ಮಾತ್ರ ನೋಡಲಿಲ್ಲವಂತೆ. ಅನ್ನವ್ವ ಎದುರಿಗೆ ಹೋಗಿ ಯಾಕೆ ಅಂದಳು. ತಪ್ಪು ಮಾಡಿದವಳೇ ಬಂದು ಯಾಕೆ ಅಂದರೆ ಯಾರಿಗೆ ಸಿಟ್ಟು ಬರುವುದಿಲ್ಲ. ಕಿವಿ ಇರುವವರ ಹತ್ತಿರ ಬೆನ್ನ ಹಿಂದೆ ನಿಂತಾದರೂ ಹೇಳಬಹುದು. ಇವರಲ್ಲಿ ಕಣ್ಣು ತೆಗೆದುಕೊಂಡರೆ ಬಾಗಿಲು ಹಾಕಿದಂತೆ. ತಿರುಗಿ ಬಂದವಳು ಆ ಸಂಜೆ ದನಕ್ಕೆ ಮೇವು ಹಾಕುತ್ತ ಕೊಟ್ಟಿಗೆಯಲ್ಲೇ ಉಳಿದಳು. ಜಗತ್ತಿನಲ್ಲಿ ಅವಳ ಮಾತು ಬಲ್ಲ ಒಂದೇ ಜೀವ ಅವಳ ಕಡೆ ನೋಡುವುದಿಲ್ಲ ಅಂದಿತ್ತು. ನಾವು ಮನೆಯಲ್ಲಿ ಇಷ್ಟು ಜನ ಇದ್ದೂ ಆ ಒಂದಕ್ಕೆ ಬದಲಿಯಾಗುವಂತಿರಲಿಲ್ಲ.

ಸುದೀಪ ಕುಬೇರಪ್ಪನನ್ನು ಕರೆಸಿದ. ಕುಬೇರಪ್ಪ ಹಿಂದೆ ನಮ್ಮ ಕರಿ ಫೋನಿನ ಕಂಬಕ್ಕೆ ತೆಗ್ಗು ತೋಡಿದವನು, ಆಮೇಲೆ ಟೀವಿಯ ಕೇಬಲ್ಲು ಎಳೆದವನು. ಅವನ ಬಾಯಿ ಅವನ ಏಣಿಗಿಂತ ಉದ್ದ. ಕೊಡಗಳ ಹಿಂದೆ ಅರಿವೆ ಹೊದ್ದು ಕುಳಿತ ಬಾಕ್ಸು ಕಂಡು ಅಲ್ಲೇ ಕುಕ್ಕರಿಸಿ ನಕ್ಕ. “ಬಾಣಂತಿ ಮಾಡಿ ಕುಂದರಿಸೀರಲ್ರಿ ಇದನ್ನ. ಇನ್ನ ಸಾಂಬ್ರಾಣಿ ಹೊಗಿ ಹಾಕೋದೊಂದ ಉಳದೈತಿ.”

ತಾಮ್ರ, ಮಣ್ಣಿನ ಗೋಡೆ ಎರಡನ್ನೂ ಅದು ದಾಟುವುದಿಲ್ಲ ಎಂದ. ಗಾಳಿಯ ಮೇಲೆ ನಂಬಿಕೆ ಇಡದೆ ತೊಲೆಯ ಮಗ್ಗುಲಿನಿಂದ ವಾಯರು ಎಳೆದು ನಡುಮನೆಯ ಬಾಗಿಲ ಮೇಲೊಂದು, ಕೊಟ್ಟಿಗೆಯ ಕಡೆಗೊಂದು ಬಾಕ್ಸು ಕೂಡಿಸಿದ. ಎಲ್ಲಕ್ಕೂ ಒಂದೇ ಹೆಸರು, ಒಂದೇ ಪಾಸ್‌ವರ್ಡು ಇಟ್ಟ. ಮೊದಲು ಯಾಕೆ ಕೆಡುತ್ತಿತ್ತು ಎಂದು ಸುದೀಪ ಕೇಳಿದ್ದಕ್ಕೆ ಹೇಳಿದ: “ಎರಡೂ ಬಾಕ್ಸು ತಾವ ಯಜಮಾನ ಅನ್ನಾಕತ್ತಿದ್ವು. ಬಂದ ಫೋನಿಗೆ ಇದೂ ನಂಬರ ಕೊಡತಿತ್ತು, ಅದೂ ಕೊಡತಿತ್ತು. ಒಂದ ಬಸ್ಸಿಗೆ ಇಬ್ಬರು ಕಂಡಕ್ಟರ ಆದಂಗ. ಈಗ ಟಿಕೀಟು ಪಡಸಾಲಿ ಬಾಕ್ಸೊಂದ ಹರೀತೈತಿ, ಉಳಿದವು ಸುಮ್ಮ ಬಾಗಲಾ ಕಾಯ್ತಾವು.”

ಆಮೇಲೆ ಹೆಂಡತಿಗೆ ಮುಖ ಕಾಣುವ ಫೋನು ಹಚ್ಚಿ, ಮಾತಾಡುತ್ತ ಪಡಸಾಲೆಯಿಂದ ಕೊಟ್ಟಿಗೆಯವರೆಗೆ ನಡೆದು ಬಂದ. ಮಾತು ಎಲ್ಲೂ ಕಡಿಯಲಿಲ್ಲ. ಮುಗಿಯಿತು ಎಂದು ಸಾಮಾನು ಕಟ್ಟತೊಡಗಿದ. ನಾನು ಅವನ ಹಿಂದೆಯೇ ನಡೆದು ಫೋನಿನ ಚಿತ್ರ ನೋಡುತ್ತಿದ್ದೆ. ನಡುಮನೆಯ ಹೊಸ್ತಿಲಲ್ಲಿ ಅವನ ಹೆಂಡತಿಯ ಬಾಯಿ ತೆರೆದದ್ದು ತೆರೆದಂತೆಯೇ ಚಣಹೊತ್ತು ನಿಂತಿತ್ತು.

“ಚಿತ್ರ ನಿಂತಿತ್ತು ಕುಬೇರಪ್ಪ.”

“ನಿಂತ್ರ ನಿಲ್ಲವಲ್ದ್ಯಾಕ್ರಿ. ಮಾತ ಕೇಳಿಸ್ತಲ್ಲ?”

“ಈ ಮನ್ಯಾಗ ಫೋನ್ ಮಾಡಾಕಿಗೆ ಮಾತಿಲ್ಲಪಾ. ಚಿತ್ರನ ಮಾತು.”

ಅವನು ಅಲ್ಲಿಯೇ ನಿಂತ ಅನ್ನವ್ವನನ್ನು ನೋಡಿದ. ಕಟ್ಟಿದ ಸಾಮಾನು ಬಿಚ್ಚಿದ. ಕೂಸು ಅವ್ವನ ಸೆರಗು ಹಿಡಿದ ಹಾಗೆ ಫೋನು ಮೊದಲು ಹಿಡಿದ ಬಾಕ್ಸನ್ನು ಬಿಡುವುದಿಲ್ಲವಂತೆ. ಕೈಗೆಟುಕದಷ್ಟು ದೂರವಾದ ಮೇಲೆ ಅತ್ತು, ಆಮೇಲೆ ಹತ್ತಿರದವರನ್ನು ಹುಡುಕುತ್ತದೆ. ಅದಕ್ಕೆ ಪಡಸಾಲೆಯ ಬಾಕ್ಸಿನ ಜೋರು ಇಳಿಸಿದ, ಬೇಗ ಬಿಡಲಿ ಎಂದು. ಒಂದು ಬಾಕ್ಸು ಇನ್ನೊಂದಕ್ಕೆ ಮುಂಚೆಯೇ ಸುದ್ದಿ ಮುಟ್ಟಿಸುವ ಹಾಗೆ ಏನೋ ಒತ್ತಿದ. ಮತ್ತೆ ನಡೆದ, ಮತ್ತೆ ಇಳಿಸಿದ. ಊಟ ಮಾಡಿ ಬಂದು ಪುನಃ ನಡೆದ. ಇಳಿಬಿಸಿಲಿನ ಹೊತ್ತಿಗೆ ಅನ್ನವ್ವನ ಕೈಗೆ ಚರಿಗೆ, ಫೋನು ಕೊಟ್ಟು ನಡೆಯಲು ಹೇಳಿದೆವು. ಆ ಕಡೆ ಸುದೀಪ ಓಣಿಯ ಅಂಗಡಿಗೆ ಹೋಗಿ ಕುಳಿತು ತನ್ನ ಫೋನಿನಲ್ಲಿ ನೋಡುತ್ತಿದ್ದ. ಕೊಟ್ಟಿಗೆ ಮುಟ್ಟುವತನಕ ಅವಳ ಮುಖ ಒಮ್ಮೆಯೂ ನಿಲ್ಲಲಿಲ್ಲವಂತೆ. ನಾವೆಲ್ಲ ಹಿಗ್ಗಿದೆವು. ಅನ್ನವ್ವ ಮಾತ್ರ ಫೋನನ್ನು ಹಲಗೆಯ ಮೇಲೆ ಮಗುಚಿಟ್ಟು ಹೋದಳು. ಮಾತಾಡುವವಳೇ ಇಲ್ಲದಿದ್ದರೆ ಅವಳಿಗೆ ಅದರಿಂದ ಏನಾಗಬೇಕು.

ರೆಹಾನಳ ತವರು ನಮ್ಮೂರೇ. ತಮ್ಮನ ಮಗುವಿಗೆ ಹೆಸರಿಡುವ ಕಾರ್ಯಕ್ಕೆ ಅತ್ತೆಯನ್ನು ಕರೆದುಕೊಂಡು ಬಂದವಳು, ಮರುದಿನ ಬಸ್ಸಿಗೆ ಹೋಗುವ ದಾರಿ ಎಂದು ಹೇಗೋ ನಮ್ಮ ಮನೆಗೆ ಕರೆತಂದಳು. ನಾನು ಕುಬೇರಪ್ಪನಿಗೆ ಬರಲು ಹೇಳಿದ್ದೆ. ನುಜಹತ ಬುರ್ಖಾದ ಮುಸುಕು ಸರಿಸಿ ಪಡಸಾಲೆಯಲ್ಲಿ ಕುಳಿತಳು. ಕಣ್ಣು ನೆಲದ ಮೇಲಿತ್ತು.

ಅನ್ನವ್ವನನ್ನು ಹಿತ್ತಲ ಬಾಗಿಲಲ್ಲಿ ಫೋನು ಕೊಟ್ಟು ನಿಲ್ಲಿಸಿದೆ. ರೆಹಾನ ತನ್ನ ಫೋನಿನಿಂದ ಅವಳಿಗೆ ಹಚ್ಚಿ, ಅತ್ತೆಯ ಕಣ್ಣು ಇದ್ದ ಜಾಗಕ್ಕೇ, ನೆಲದ ಮೇಲೆ ಇಟ್ಟಳು. ನುಜಹತ ನೋಡಿದಳು. ತಲೆ ಎತ್ತಿದರೆ ಬಾಗಿಲುಗಳ ಸಾಲಿನ ಕೊನೆಗೆ ಅದೇ ಅನ್ನವ್ವ ನಿಂತದ್ದು ಕಾಣುತ್ತಿತ್ತು. ಅನ್ನವ್ವ ಹುಬ್ಬು ಎತ್ತಿ ಏನೋ ಹೇಳುತ್ತಿದ್ದಳು, ಫೋನಿನಲ್ಲೂ ಅದೇ ಹುಬ್ಬು.

“ಈಗ ಕಿತ್ತು ಬಿಡಪಾ ಕುಬೇರಪ್ಪ,” ಅಂದೆ.

“ಏನ್ ಕೀಳೋದ್ರಿ?”

“ಪಡಸಾಲಿ ಬಾಕ್ಸಿಂದು ವಾಯರು.”

“ಅವ್ವಾರ, ಕಡೀಬಾರ್ದು ಅಂತ ದಿನಾಪೂರ್ತಿ ಮನಿ ತುಂಬ ಅಡ್ಡಾಡೇನಿ. ಈಗ ನೀವ ಕಡೀ ಅಂತೀರಿ?”

“ಕಡದದ್ದು ಹೆಂಗ ಕಾಣತೈತಿ ಅಂತ ಆಕೀ ನೋಡಬೇಕು.”

ಅವನು ಗೊಣಗುತ್ತ ಕಿತ್ತ. ಫೋನಿನ ಅನ್ನವ್ವ ಅರ್ಧ ಎತ್ತಿದ ಹುಬ್ಬಿನಲ್ಲೇ ನಿಂತುಬಿಟ್ಟಳು, ಮುಖ ತುಸು ವಾರೆ. ಹಿತ್ತಲ ಬಾಗಿಲಿನ ಅನ್ನವ್ವ ನಿಲ್ಲಲಿಲ್ಲ. ಅವಳ ಗದ್ದ ಆಡುತ್ತಿತ್ತು, ಹೆಗಲು ಏರುತ್ತಿತ್ತು, ಕಣ್ಣು ನೆಟ್ಟಗೆ ಇವಳ ಮೇಲೆಯೇ ಇತ್ತು. ನುಜಹತ ಫೋನು ನೋಡಿದಳು, ಬಾಗಿಲು ನೋಡಿದಳು, ಮತ್ತೆ ಫೋನು. ಎದ್ದಳು. ಫೋನು ಕೈಯಲ್ಲಿ ಹಿಡಿದು ನಡುಮನೆ ದಾಟಿ ಹೋಗಿ ಅದನ್ನು ಅನ್ನವ್ವನ ಕೆನ್ನೆಗೆ ಜೋಡಿಸಿ ಹಿಡಿದಳು. ಒಂದು ಮುಖ ಸತ್ತಂತಿತ್ತು, ಮಗ್ಗುಲಿನದು ಅಳುತ್ತಿತ್ತು.

ನುಜಹತ ಬಹಳ ಹೊತ್ತು ಎರಡನ್ನೂ ಪರೀಕ್ಷಿಸಿದಳು, ಎಲೆಯಲ್ಲಿ ಕೊಳೆ ಹುಡುಕುವವಳ ಹಾಗೆ. ಆಮೇಲೆ ಆ ಫೋನನ್ನು ಪಕ್ಕದ ಹುಲ್ಲಿನ ಸಿವುಡಿನ ಮೇಲೆ ಎಸೆದು ಅನ್ನವ್ವನ ಹೆಗಲಿಗೆ ಒಂದು ಗುದ್ದು ಗುದ್ದಿದಳು. ಅಲ್ಲಿಯೇ ಹಿತ್ತಲ ಮೆಟ್ಟಿಲ ಮೇಲೆ ಇಬ್ಬರೂ ಕುಳಿತರು. ಚಪ್ಪರದ ಸುದ್ದಿಯನ್ನು ನುಜಹತ ಮೊದಲಿನಿಂದ ಹೇಳಿದಳು. ನನಗೆ ಅರ್ಥವಾಗದಿದ್ದರೂ ಚಪ್ಪರ ಬಿದ್ದ ಗಳಿಗೆ ಯಾವುದೆಂದು ಅನ್ನವ್ವನ ಮುಖದಲ್ಲಿ ತಿಳಿಯಿತು.

ಕುಬೇರಪ್ಪ ವಾಯರು ಹಿಡಿದು ಕಾಯುತ್ತ ನಿಂತಿದ್ದ. “ಹಚ್ಚಲೇನ್ರಿ?” ಎಂದ. ನಾನು ಹಚ್ಚು ಎಂದೆ. ಮಾಸೂರಿನ ಬಸ್ಸು ತಪ್ಪಿತು. ರೆಹಾನ ನನ್ನ ಜೊತೆ ಚಹಾ ಕುಡಿಯುತ್ತ ಕುಳಿತಳು.

ಈಗ ಮನೆಯ ಯಾವ ಮೂಲೆಗೆ ಹೋದರೂ ಚಿತ್ರ ಕಡಿಯುವುದಿಲ್ಲ. ಆದರೆ ಕರೆಂಟು ಹೋಗುವುದನ್ನು ಕುಬೇರಪ್ಪನೂ ತಡೆಯಲಾರ. ಮೊನ್ನೆ ನುಜಹತ ಏನೋ ಹೇಳುತ್ತಿರುವಾಗಲೇ ಹೋಯಿತು. ಅನ್ನವ್ವ ತಲೆಯ ಮೇಲಿನ ದೀಪ ನೋಡಿ, ಬುಟ್ಟಿಗೆ ರೊಟ್ಟಿ ಹಾಕಿ, ಇನ್ನೊಂದು ಉಂಡೆ ತೆಗೆದುಕೊಂಡಳು. ಕರೆಂಟು ಬಂದು ಫೋನು ಕೂಡಿದಾಗ ನುಜಹತ ಬಿಸಿಲಿಗೆ ಸರಿದು ಕುಳಿತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದಳು. ಇವಳನ್ನು ಕಂಡವಳೇ ಹುಬ್ಬು ಏರಿಸಿ, ಎಲ್ಲಿ ನಿಂತಿತ್ತೋ ಅಲ್ಲಿಂದ ಮುಂದೆ ಹೇಳತೊಡಗಿದಳು.