ಕೋಶ ತೆವಳುವ ಪಾಠದ ವೇದವತಿ ಮೇಡಂ

ನಜರ್‌ಬಾದಿನ ವೇದವತಿ ಮೇಡಂ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುವವರು. ಜೀವಕೋಶ ತೆವಳುವ ಬಗೆಯನ್ನು ದಿನಕ್ಕೊಮ್ಮೆ ಯಾರಿಗಾದರೂ ಹೇಳದಿದ್ದರೆ ಅವರಿಗೆ ತಿಂದ ಅನ್ನ ಅರಗುವುದಿಲ್ಲ. ಬಸ್ಸಿನಲ್ಲಿ ಪಕ್ಕ ಕೂತವರಿಗೂ, ಹೂ ಮಾರುವವಳಿಗೂ ಒಂದೇ ಪಾಠ: "ಕೋಶದೊಳಗೂ ಒಂದು ಮೂಳೆಗೂಡು ಇರುತ್ತೆ ಕಣಮ್ಮ. ನಮ್ಮ ಹಾಗೆ ಗಟ್ಟಿ ಅಲ್ಲ, ಸಣ್ಣ ಸಣ್ಣ ಎಳೆಗಳದು. ಮುಂದೆ ಕಟ್ಕೊಳ್ಳುತ್ತೆ, ಹಿಂದೆ ಬಿಚ್ಕೊಳ್ಳುತ್ತೆ, ಹಾಗೇ ಮುಂದಕ್ಕೆ ಹೋಗುತ್ತೆ. ಎಲ್ಲಿ ಕಟ್ಟಬೇಕು, ಎಲ್ಲಿ ಬಿಚ್ಚಬೇಕು ಅಂತ ಅದಕ್ಕೇ ಗೊತ್ತು!" ಮದುವೆಯೂಟದ ಪಂಕ್ತಿಯಲ್ಲಿ ಶಾವಿಗೆಯ ಎಳೆ ಜೋಡಿಸಿ ತೋರಿಸುತ್ತ ಕೂತರೆ ಬಡಿಸುವವರು ಎಷ್ಟು ಸಲ ಬಂದುಹೋದರೂ ಅರಿವಿಲ್ಲ. ಅವರು ಬರುವುದು ಕಂಡರೆ ಬೀದಿಯವರು ಮೆಲ್ಲನೆ ಕದ ಮುಚ್ಚಿಕೊಳ್ಳುತ್ತಿದ್ದರು. ಅಂಥವರು ಈ ಬೇಸಿಗೆಯಲ್ಲಿ ಮೂಕರಾದರು. ಸಕ್ಕರೆ ಕಾಯಿಲೆಯ ಗಂಡ ಲಕ್ಷ್ಮೀನರಸಿಂಹಯ್ಯನವರ ಕಾಲಿನ ಹುಣ್ಣು ಮಾಯದೆ, ಹೆಬ್ಬೆರಳು ತೆಗೆಯಬೇಕಾದೀತು ಎಂದಿದ್ದರು ಡಾಕ್ಟರು. ಅಂಚಿನ ಕೋಶಗಳು ತೆವಳಿ ಬಂದರಷ್ಟೇ ಗಾಯ ಮುಚ್ಚುವುದೆಂದು ಮೇಡಮ್ಮಿಗೆ ಚೆನ್ನಾಗಿ ಗೊತ್ತು. ಅವನ್ನು ಕರೆತರುವ ಬಗೆ ಮಾತ್ರ ಗೊತ್ತಿಲ್ಲ. ಪಟ್ಟಿ ಬಿಚ್ಚಿದಾಗಲೆಲ್ಲ ಆ ಅಂಚನ್ನೇ ನೋಡುವರು. ನಿನ್ನೆ ಗಾಯದ ಸುತ್ತಲೂ ಎಳೆಗೆಂಪು ಚರ್ಮ ಒಳಕ್ಕೆ ಹಬ್ಬಿತ್ತು. "ಬೆರಳು ಉಳೀತು, ಇನ್ನು ಭಯ ಇಲ್ಲ," ಎಂದರು ಡಾಕ್ಟರು. ಮನೆಗೆ ಬಂದು ಕೂತ ಮೇಲೆ ಗಂಡ, "ಹೇಗೆ ಬಂದ್ವೇ ಆ ಕೋಶಗಳು? ಹೇಳು, ಇವತ್ತು ಪೂರ್ತಿ ಕೇಳ್ತೀನಿ," ಎಂದರು. ಮೇಡಂ ಬಾಯಿ ತೆರೆದರು. ಮಾತಿನ ಬದಲು ಅಳು ಬಂತು, ಅಳುವಿನೊಳಗೇ ನಗು. "ಬಂದ್ಬುಟ್ವಲ್ಲ, ಸಾಕು ಕಣ್ರೀ," ಎಂದು ಆ ಪಾದವನ್ನು ಮೆಲ್ಲನೆ ಮಡಿಲಲ್ಲಿಟ್ಟುಕೊಂಡರು.