ಸುಮಿ ಕೇಳಿದ ಮುಖ

ನನ್ನ ಮಗಳು ಸತ್ತ ಹನ್ನೊಂದನೇ ದಿನ ಮನೆಗೆ ಬಂದು ನನ್ನ ಮುಖ ನೋಡಿಕೊಂಡು ಹೋದಳು. ನಡೆದದ್ದು ಇಷ್ಟೇ. ಹೇಗೆ ಅಂತ ಕೇಳಿದರೆ ನನಗೆ ಗೊತ್ತಿಲ್ಲ.

ಇಂಥದ್ದನ್ನೆಲ್ಲ ನಂಬುತ್ತಿದ್ದವಳಲ್ಲ ನಾನು. ಅತ್ತೆಗೆ, ಮಾವನಿಗೆ, ಯಜಮಾನರಿಗೆ ನಾನೇ ಎಡೆ ಇಟ್ಟಿದ್ದೇನೆ. ಸತ್ತವರಿಗೆ ಇಷ್ಟವಾದ ಅಡುಗೆ ಎಲೆಗೆ ಬಡಿಸಿ, ಫೋಟೋ ಮುಂದಿಟ್ಟು, ಅವರು ಬಂದು ಉಣ್ಣಲಿ ಅಂತ ಬಾಗಿಲು ಮುಚ್ಚಿ ಎಲ್ಲರೂ ಆಚೆ ನಿಲ್ಲುತ್ತೇವೆ. ಆಮೇಲೆ ಕೆಮ್ಮಿ ಬಾಗಿಲು ತೆಗೆಯುತ್ತೇವೆ. ಅನ್ನ ಇಟ್ಟ ಹಾಗೇ ಇರುತ್ತೆ. ಇರುವೆ ಬಂದಿದ್ದರೆ ಅದೇ ಹೆಚ್ಚು.

ಸುಮಿತ್ರ ನನಗೆ ಒಬ್ಬಳೇ ಮಗಳು. ರಕ್ತದ ಕಾಯಿಲೆ ಅಂತ ಮೂರು ತಿಂಗಳು ಮಂಗಳೂರಿನ ಆಸ್ಪತ್ರೆಯಲ್ಲಿದ್ದಳು. ಅಳಿಯ ಅವಳ ಜೊತೆಗಿದ್ದ, ಅವರ ಮಗಳು ಚಂದನ ವನಗೂರಿನಲ್ಲಿ ನನ್ನ ಜೊತೆ. ಚಂದನಳ ಕಂಪ್ಯೂಟರಿನಲ್ಲಿ ದಿನಾ ಸಂಜೆ ಸುಮಿ ವಿಡಿಯೋದಲ್ಲಿ ಬರುತ್ತಿದ್ದಳು. ಅವಳು ನಕ್ಕಾಗ ಆ ಮುಖ ಹಿಡಿದಿಡಬೇಕು ಅನ್ನಿಸಿ ಸ್ಕ್ರೀನ್‌ಶಾಟ್ ತೆಗೆಯೋದು ಕಲಿತೆ. ಎರಡು ಕೀ ಒಟ್ಟಿಗೆ ಒತ್ತಬೇಕು. ಒಂದು ಕೆಳಗೆ ಎಡಕ್ಕೆ, ಇನ್ನೊಂದು ಮೇಲೆ ಬಲಕ್ಕೆ. ಗುರುತಿಗೆ ಅಂತ ಎರಡಕ್ಕೂ ಕುಂಕುಮ ಹಚ್ಚಿದ್ದೆ. ಒತ್ತಿದರೆ ಪರದೆ ಒಂದು ಸಲ ಮಂಕಾಗುತ್ತೆ, ಆಗ ಅದರ ಮೇಲೆ ಏನಿತ್ತೋ ಅದೇ ಚಿತ್ರವಾಗಿ ಉಳಿಯುತ್ತೆ.

ಆ ಚಿತ್ರಗಳಲ್ಲೆಲ್ಲ ಸುಮಿ ದೊಡ್ಡದಾಗಿ, ಮೂಲೆಯ ಚಿಕ್ಕ ಚೌಕದಲ್ಲಿ ನಾನು. ನಾನೆಂದರೆ ಬರೀ ಹಣೆ. ಕೀ ಹುಡುಕಲು ಬಗ್ಗಿ ಕೂರುತ್ತಿದ್ದೆನಲ್ಲ.

"ನಿನ್ ಹಣೆ ನೋಡಿ ನೋಡಿ ಸಾಕಾಯ್ತು ಕಣವ್ವಾ. ಒಸಿ ಮುಖ ತೋರ್ಸು," ಅಂತ ನಗೋಳು.

"ಮುದುಕಿ ಮುಖದಾಗೆ ಏನೈತೆ ನೋಡೋಕೆ?" ಅಂತ ನಾನು.

ಕೊನೆಯ ಸಂಜೆ ಅವಳು ನಗಲಿಲ್ಲ. "ಅವ್ವಾ, ಒಂದ್ಸಲ ಸರಿಯಾಗಿ ಕೂತ್ಕೋ. ನಿನ್ ಮುಖ ನೋಡ್ಬೇಕು," ಅಂದಳು. ಕಣದಲ್ಲಿ ಕಾಫಿ ಹರಡಿತ್ತು, ಮಂಜು ಬೀಳುವುದರೊಳಗೆ ರಾಶಿ ಮಾಡಿ ಟಾರ್ಪಾಲು ಮುಚ್ಚಬೇಕಿತ್ತು. "ನಾಳೆ ನೋಡೀವಂತೆ, ಮುಖ ಎಲ್ಲೋಯ್ತದೆ?" ಅಂದು ಎದ್ದುಬಿಟ್ಟೆ. ಬೆಳಗಿನ ಜಾವ ಅಳಿಯನ ಫೋನು ಬಂತು.

ಎಡೆಯ ದಿನ, ಕಟ್ಟು ಹಾಕಲು ಕೊಟ್ಟಿದ್ದ ಫೋಟೋ ತರಲು ಆನೇಮಹಲಿಗೆ ಹೋದರೆ ಅಂಗಡಿ ಬಾಗಿಲು ಹಾಕಿತ್ತು. ಕಂಪ್ಯೂಟರಿನಲ್ಲೇ ಮುಖ ಹಾಕಿ ಅಂತ ನಾನೇ ಹೇಳಿದೆ.

"ಕರೆಂಟ್ ಹೋದ್ರೆ ಸುಮಿ ಅರ್ಧ ಊಟಕ್ಕೇ ಎದ್ದೋಯ್ತಾಳೆ ಅತ್ಗೆ," ಅಂದ ನನ್ನ ಮೈದುನ. ಹೇಳಿದವನೇ ಟವೆಲಿನಿಂದ ಕಣ್ಣು ಒರೆಸಿಕೊಂಡ.

ಚಂದನ ಅವಳಮ್ಮ ನಗುವ ಒಂದು ಚಿತ್ರವನ್ನು ಪರದೆ ತುಂಬ ಹಾಕಿದಳು. ಮೂಲೆಯಲ್ಲಿ ನನ್ನ ಹಣೆ. ಕೀಬೋರ್ಡಿನ ಮುಂದೆ ಎಲೆ ಹಾಕಿ ಕಡುಬು, ಕೋಳಿ ಸಾರು ಬಡಿಸಿ, ಬಾಗಿಲು ಮುಚ್ಚಿ ಅಂಗಳದಲ್ಲಿ ನಿಂತೆವು. ಒಳಗೆ ಯಾರೂ ಇರಲಿಲ್ಲ. ಬೆಕ್ಕು ಕೂಡ ನನ್ನ ಕಾಲ ಬಳಿಯೇ ಇತ್ತು.

ಬಾಗಿಲು ತೆಗೆದಾಗ ಕಡುಬು ಇಟ್ಟ ಹಾಗೇ ಇತ್ತು. ಕಂಪ್ಯೂಟರ್ ಆರಿಸಲು ಹೋದ ಚಂದನ "ಅಜ್ಜಿ" ಅಂದಳು. ಹೊಸದೊಂದು ಸ್ಕ್ರೀನ್‌ಶಾಟ್ ಬಂದು ಕೂತಿತ್ತು. ಬಾಗಿಲು ಮುಚ್ಚಿದ್ದ ಹೊತ್ತಿನದೇ. ಅದೇ ನಗು, ಅದೇ ಆಸ್ಪತ್ರೆಯ ದಿಂಬು. ಮೂಲೆಯ ಚೌಕದಲ್ಲಿ ಮಾತ್ರ ನನ್ನ ಪೂರ್ತಿ ಮುಖ. ನೆಟ್ಟಗೆ ಕೂತು ನೋಡುತ್ತಿದ್ದೇನೆ. ಹಾಗೆ ನಾನು ಒಂದು ದಿನವೂ ಕೂತಿರಲಿಲ್ಲ.

"ಎಲೆ ತಗುಲಿ ಕೀ ಒತ್ತಿರ್ತದೆ ಬಿಡಿ," ಅಂದ ಮೈದುನ.

"ಎರಡೂ ಒಟ್ಟಿಗಾ ತಾತ? ಒತ್ತಿದ್ರೂ, ಪರದೆ ಮೇಲೆ ಇದ್ದಿದ್ದೇ ತಾನೆ ಬರೋದು?" ಅಂದಳು ಚಂದನ.

ಪರದೆ ಮೇಲೆ ಹಾಕಿದ್ದ ಚಿತ್ರದಲ್ಲಿ ಇನ್ನೂ ಹಣೆಯೇ ಇತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದೆವು.

ನಾಲ್ಕು ವರ್ಷವಾಯಿತು. ತಿಳಿದವರಿಗೆ ತೋರಿಸಿದ್ದೇವೆ, ಯಾರೂ ಬಿಡಿಸಿ ಹೇಳಲಿಲ್ಲ. ಪುಣ್ಯ ಮಾಡಿದ್ದೀ, ಮಗಳು ಬಂದಳಲ್ಲ ಅನ್ನುತ್ತಾರೆ ಕೆಲವರು. ಬಂದದ್ದು ಅವಳು, ನೋಡಿಕೊಂಡದ್ದು ಅವಳು. ಕೇಳಿದಾಗ ನಾನು ತೋರಿಸಲಿಲ್ಲ.

ಆ ಎಡೆಯ ಮಾರನೇ ಬೆಳಗ್ಗೆ ಮುಖ ತೊಳೆದು, ತಲೆ ಬಾಚಿ, ಕುರ್ಚಿ ಹಿಂದಕ್ಕೆ ಸರಿಸಿ ಕಂಪ್ಯೂಟರ್ ಮುಂದೆ ನೆಟ್ಟಗೆ ಕೂತೆ. ಕಣದಲ್ಲಿ ಕಾಫಿ ಟಾರ್ಪಾಲಿನಡಿಯೇ ಇತ್ತು. ಬಿಸಿಲು ಏರಿದ ಮೇಲೂ ಹರಡಲು ಏಳಲಿಲ್ಲ.