ದೇವರ ಮುಂದಿನ ತಾಮ್ರದ ಲೋಟ

ವರ್ತಕ ನಗರದಲ್ಲಿ ನಾನು ಓದಿದ ಹಳೆಯ ಕನ್ನಡ ಶಾಲೆಯಿಂದ ಮೊನ್ನೆ ಫೋನ್ ಬಂತು. ಭೌತಶಾಸ್ತ್ರ ಲ್ಯಾಬಿನ ಹಳೆಯ ಸಾಮಾನು ಗುರುತಿಸಿ ಕೊಡಬೇಕಂತೆ, ಗುರುತು ಸಿಗದ್ದೆಲ್ಲ ಗುಜರಿಗೆ. ಹೋದೆ. ಕಪಾಟು ತೆರೆದೊಡನೆ ಹಳೆಯ ಹತ್ತಿಯ ಮುಗ್ಗಲು ವಾಸನೆ. ಹೊಸ ಟೀಚರ್ ಮರದ ಡಬ್ಬಿಯೊಂದನ್ನು ಎತ್ತಿ, ಮರಾಠಿ ಬೆರೆಸಿ, "ಸರ್, ಹೇ ಕಾಯ್ ಆಹೇ? ಇದು ಏನು?" ಎಂದರು. ಒಳಗೆ, ಹತ್ತಿಯ ನಡುವೆ, ತಾಮ್ರದ ಲೋಟ.

ನೌಪಾಡಾದಲ್ಲಿ ಅಪ್ಪನ ಹೋಟೆಲಿತ್ತು. ಹಣದ ಗಲ್ಲೆಯ ಹತ್ತಿರ ದೇವರ ಪಟ, ಅದರ ಮುಂದೆ ಈ ಲೋಟದಲ್ಲಿ ನೀರು. ದಿನಾ ಹುಣಸೆಹಣ್ಣು ಹಚ್ಚಿ ಅದನ್ನು ತಿಕ್ಕುತ್ತಿದ್ದವರು ಅಡುಗೆಯ ಶೀನಣ್ಣ. ಶಾಖ ಅಳೆಯುವ ಕ್ಯಾಲೊರಿಮೀಟರ್ ಕೊಳ್ಳಲು ಶಾಲೆಗೆ ಆಗುವುದಿಲ್ಲ, ತಾಮ್ರದ ಪಾತ್ರೆ ಸಿಕ್ಕರೆ ನಾವೇ ಮಾಡಿಕೊಳ್ಳಬಹುದು ಎಂದು ಮೇಷ್ಟ್ರು ಹೇಳಿದ್ದೇ ತಡ, ಲೋಟವನ್ನು ನನ್ನ ಪಾಟಿಚೀಲಕ್ಕೆ ಸೇರಿಸಿದ್ದೆ. ಅಪ್ಪನೇ ಕೊಟ್ಟರು ಎಂದು ಮೇಷ್ಟ್ರಿಗೆ ಹೇಳಿದ್ದೆ.

ಮರುದಿನ ಅಪ್ಪ ಶೀನಣ್ಣನ ಮೇಲೆ ಕೂಗಾಡಿದರು. "ದೇವರದ್ದನ್ನೇ ಕದ್ದವ ನಾಳೆ ಗಲ್ಲೆ ಬಿಡ್ತಾನಾ? ನೀನು ಊರಿಗೆ ಹೋಗು ಮಾರಾಯ."

"ನಾನು ತೆಗಿಲಿಲ್ಲ ಧಣಿ," ಎಂದರು ಶೀನಣ್ಣ.

ಅವರು ಬಡಿಸಿದ ಇಡ್ಲಿ ಆಗ ನನ್ನ ಬಾಯಲ್ಲಿತ್ತು. ನುಂಗಿ, ಪಾಟಿಚೀಲ ಹೆಗಲಿಗೇರಿಸಿ ಶಾಲೆಗೆ ಹೊರಟೆ.

ಈಗ ಅಪ್ಪ ಇಲ್ಲ. ಶೀನಣ್ಣ ಎಲ್ಲಿ ಹೋದರೋ ಗೊತ್ತಿಲ್ಲ.

"ಕ್ಯಾಲೊರಿಮೀಟರ್," ಎಂದೆ.

ಟೀಚರ್ ಲೋಟವನ್ನು ಮಗುಚಿದರು. ತಳದಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆಸಿದ ಅಪ್ಪನ ಹೆಸರು. "ಅರೆ, ದಾನ ಕೊಟ್ಟವರ ಹೆಸರೂ ಇದೆ!" ಎಂದು ಖುಷಿಯಿಂದ ರಿಜಿಸ್ಟರಿಗೆ ಇಳಿಸಿಕೊಂಡು, ಪುಟವನ್ನು ನನ್ನ ಕಡೆ ತಿರುಗಿಸಿದರು.

"ಬರೆದದ್ದು ಸರಿ ಇದೆಯಲ್ಲ ಸರ್?"

ಸರಿ ಇದೆ ಎಂದೆ.